ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಉಡಿಯಕ್ಕಿ

ಬಾಟಲಿಯ ಕುತ್ತಿಗೆಗೆ ಪ್ಲಾಸ್ಟಿಕ್ ತೊಡಿಸಿ ಬಿಗಿಯುವುದನ್ನು ಶಿಕಾರಿಪುರದಲ್ಲಿ ಮೊದಲು ಕಲಿತವಳು ನಮ್ಮ ಅವ್ವ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಸುಳ್ಳಿದ್ದರೂ ಇರಬಹುದು. ಆದರೆ ಇಷ್ಟು ವರ್ಷದಲ್ಲಿ ಬೇರೆ ಯಾರೂ ಬಂದು ‘ನಾವು ಮೊದಲು’ ಎಂದು ಜಗಳ ತೆಗೆದಿಲ್ಲವಾದ್ದರಿಂದ ಆ ಹೆಸರು ಅವ್ವನಿಗೇ ಇರಲಿ.

ಅದು ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ತೀರಿಕೊಂಡ ಮೇಲೆ ಕಿರಾಣಿ ಅಂಗಡಿ ಅಣ್ಣನ ಕೈಗೆ ಬಂದಿತ್ತು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ, ತಲೆಯಲ್ಲಿ ಮಾತ್ರ ದಿನಕ್ಕೊಂದು ಹೊಸ ವ್ಯಾಪಾರ ಹುಟ್ಟುತ್ತಿತ್ತು. ಸೊರಬದ ಕಡೆಯ ಕಾಡಂಚಿನ ಊರುಗಳಿಂದ ಜೇನುತುಪ್ಪ ತರಿಸಿ ಬಾಟಲಿಗೆ ತುಂಬಿ ಮಾರಲು ಶುರುಮಾಡಿದ್ದ. ನಮ್ಮ ಜನ ಹೇಗೆಂದರೆ, ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುವುದು, ಮುಚ್ಚಳ ತೆಗೆದು ಮೂಸುವುದು, ಬೆರಳದ್ದಿ ನೆಕ್ಕಿ ‘ಬೆಲ್ಲದ ಪಾಕ ಬೆರೆಸೀರಿ ಬಿಡ್ರಿ’ ಎಂದು ಬಾಟಲಿ ಅಲ್ಲೇ ಇಟ್ಟು ಹೋಗುವುದು. ಆಮೇಲೆ ಬಂದವರು ‘ಇದು ಯಾರೋ ತೆಗೆದಿದ್ದು, ಬ್ಯಾಡ’ ಎನ್ನುವುದು. ಅಣ್ಣನಿಗೆ ಖಾಲಿ ಬಾಟಲಿ ಕೊಡುತ್ತಿದ್ದ ಸಾಹೇಬರು ಇದನ್ನು ನೋಡಿ ನೋಡಿ, ಮುಂಬಯಿಗೆ ಹೋದವರು ಒಂದು ಪ್ಲಾಸ್ಟಿಕ್ ಸುರುಳಿ ತಂದುಕೊಟ್ಟರು. ಕೊಳವೆಯನ್ನು ಮಲಗಿಸಿ ಚಪ್ಪಟೆ ಮಾಡಿ ಸುತ್ತಿದ ಹಾಗಿತ್ತು. ಮುಟ್ಟಿದರೆ ಚರಚರ ಎನ್ನುವ ತೆಳ್ಳನೆಯ ಹಾಳೆ.

“ಇದನ್ನ ಮಾಡೋ ಮುಂದ ಕಾಸಿ, ಎಳೆದು ಹಿಗ್ಗಿಸ್ತಾರ್ರೀ ಅಮ್ಮಾರ. ಹಿಗ್ಗಿದ್ದಾಗ್ಲೇ ತಣ್ಣಗ ಮಾಡಿಬಿಡ್ತಾರ. ಅದು ಹಂಗ ಸುಮ್ಮನಿರ್ತೈತಿ. ಮತ್ತ ಬಿಸಿ ತಾಗಿದ್ರ ತನ್ನ ಮೊದಲಿನ ಅಳತಿಗೆ ಓಡಿಹೋಗ್ತೈತಿ. ನಡುವ ಏನರ ಇಟ್ಟಿದ್ರ ಅದನ್ನ ಗಟ್ಟಿ ಅಪ್ಕೊಂತೈತಿ” ಎಂದು ಸಾಹೇಬರು ಪಡಸಾಲೆಯಲ್ಲಿ ಕೂತು ವಿವರಿಸಿದರು.

ಒಳಗಿನ ಬಾಗಿಲಲ್ಲಿ ನಿಂತಿದ್ದ ಅವ್ವ, “ಅಂದ್ರ ತವರು ನೆನಪಾದ ಹೆಣ್ಮಗಳಂಗ” ಎಂದಳು. ಸಾಹೇಬರು ಚಹಾ ನೆತ್ತಿಗೇರುವಷ್ಟು ನಕ್ಕರು.

ಅಣ್ಣ ಮೊದಲ ದಿನ ಕೆಂಡದ ಮೇಲೆ ಹಿಡಿದು ಹಾಳೆಗೆ ತೂತು ಬೀಳಿಸಿದ, ಮನೆಯೆಲ್ಲ ಕಮಟು ವಾಸನೆ ಎಬ್ಬಿಸಿದ, ಬೆರಳು ಸುಟ್ಟುಕೊಂಡು ಸುರುಳಿಯನ್ನು ಮೂಲೆಗೆಸೆದ. ಅವ್ವ ಅದನ್ನು ಎತ್ತಿಕೊಂಡಳು. ಅಗಲ ನೋಡಿ ತುಂಡು ಕತ್ತರಿಸಿ, ಮುಚ್ಚಳ ಹಾಕಿದ ಬಾಟಲಿಯ ಕುತ್ತಿಗೆಗೆ ಬಳೆಯಂತೆ ಇಳಿಬಿಟ್ಟು, ಕುದಿಯುವ ನೀರಿನ ಹಬೆಯಲ್ಲಿ ಒಂದು ಸುತ್ತು ತಿರುಗಿಸಿದರೆ ಆಯಿತು. ಕಣ್ಣೆದುರೇ ಹಾಳೆ ಸುಕ್ಕು ಬಿಟ್ಟು, ಬಿಗಿದು, ಗಾಜಿಗೆ ಅಂಟಿಕೊಂಡಂತೆ ಕೂತುಬಿಡುತ್ತಿತ್ತು. ಪೊಟ್ಟಣ ಮಾಡುವ ದಾರಿಯನ್ನೂ ಅವಳೇ ಕಂಡುಕೊಂಡಳು. ಕೊಳವೆಯೊಳಗೆ ಸಾಮಾನು ಹಾಕಿ, ಎರಡು ತುದಿಯನ್ನೂ ಕಾಸಿದ ಗರಗಸದ ಬ್ಲೇಡಿನಿಂದ ಒತ್ತಿ ಮುಚ್ಚಿ, ಸೂಜಿಯಿಂದ ಒಂದು ತೂತು ಮಾಡಬೇಕು. ಆ ತೂತು ಇಲ್ಲದಿದ್ದರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಪೊಟ್ಟಣ ಪೂರಿಯ ಹಾಗೆ ಉಬ್ಬುತ್ತದೆ. ಆಮೇಲೆ ಕೆಂಡದಿಂದ ಗೇಣು ದೂರ ಹಿಡಿದು ಹೊರಳಿಸುತ್ತ ಹೋದರೆ ಹಾಳೆ ಸಾಮಾನಿನ ಆಕಾರಕ್ಕೆ ಬರುತ್ತದೆ. ಹೀಗೆ ಬಿಗಿದ ಮೇಲೆ ಜೇನುತುಪ್ಪವನ್ನು ಯಾರೂ ನೆಕ್ಕಿ ನೋಡಲಾಗುತ್ತಿರಲಿಲ್ಲ. ವ್ಯಾಪಾರ ಕುದುರಿತು.

ನಾನು ಆಗ ಬಾಣಂತನಕ್ಕೆ ತವರಿಗೆ ಬಂದಿದ್ದೆ. ನನ್ನನ್ನು ಕೊಟ್ಟಿದ್ದು ಸೊರಬ ತಾಲೂಕಿಗೆ, ಆನವಟ್ಟಿಯಿಂದ ಮುಂದೆ ಒಂದು ಹಳ್ಳಿಗೆ. ಕೂಸಿಗೆ ಐದು ತಿಂಗಳು ತುಂಬಿ, ಅತ್ತೆ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಬಂದು ನಮ್ಮಿಬ್ಬರನ್ನೂ ಕರೆದೊಯ್ಯುವ ದಿನ ಗೊತ್ತಾಗಿತ್ತು. ಮಗಳು ಹೊರಡುವಾಗ ತವರಿನವರು ಉಡಿ ತುಂಬಬೇಕು. ಅವಳನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಸಿ, ಮುತ್ತೈದೆಯೊಬ್ಬಳು ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು, ಅಡಿಕೆಯನ್ನು ಅದರೊಳಗೆ ಹಾಕುತ್ತಾಳೆ. ಸೊರಬದ ಕಡೆ ಇದನ್ನೇ ಮಡಿಲು ತುಂಬುವುದು ಎನ್ನುತ್ತಾರೆ. ಮುತ್ತೈದೆಯೇ ಆಗಬೇಕು. ಗಂಡ ಸತ್ತವಳು ಅದಕ್ಕೆ ಕೈ ಹಾಕುವಂತಿಲ್ಲ, ಹೆತ್ತ ತಾಯಿಯಾದರೂ.

ನಮ್ಮ ಧರ್ಮದಲ್ಲಿ ಮುತ್ತೈದೆ, ವಿಧವೆ ಎಂಬ ಭೇದವೇ ಇಲ್ಲವೆಂದು ಮನೆಗೆ ಬಂದ ಸ್ವಾಮಿಗಳು ಪ್ರತಿ ಸಲವೂ ಹೇಳುತ್ತಿದ್ದರು. ಎಲ್ಲರೂ ಕೈಮುಗಿದು ತಲೆಯಾಡಿಸುತ್ತಿದ್ದರು. ಸ್ವಾಮಿಗಳು ಬೀದಿಯ ತಿರುವು ದಾಟುವವರೆಗೆ ಆ ಮಾತು ನಡೆಯುತ್ತಿತ್ತು. ನನ್ನ ಮದುವೆಯಲ್ಲಿ ಅವ್ವ ಹಿತ್ತಲ ಒಲೆಯ ಹತ್ತಿರ ಹೋಳಿಗೆ ಹೂರಣ ರುಬ್ಬಿಸುತ್ತ ಇದ್ದುಬಿಟ್ಟಳು. ಉಡಿ ತುಂಬಿದ್ದು ಎದುರುಮನೆಯ ಚಿಗವ್ವ. ಚಿಗವ್ವ ಎಂದರೆ ನೆಂಟಸ್ತಿಕೆಯೇನಿಲ್ಲ, ಬಾಯಿಮಾತಿಗೆ ಹಾಗೆ ಕರೆಯುತ್ತಿದ್ದೆವು, ಅಷ್ಟೇ.

ಹೊರಡುವ ಹಿಂದಿನ ದಿನ ಕೂಸಿಗೆ ಎಣ್ಣೆ ಹಚ್ಚುತ್ತ ಅವ್ವ ನನ್ನ ಮುಖ ನೋಡದೆ ಹೇಳಿದಳು: “ಈ ಸಲ ಅಕ್ಕಿ ನಾನೇ ತುಂಬ್ತೀನಿ. ಮ್ಯಾಲೆ ಪ್ಲಾಸ್ಟಿಕ್ ಬಿಗಿದುಬಿಡ್ತೀನಿ. ಎದುರುಮನಿಯಾಕಿ ಎತ್ತಿ ನಿನ್ನ ಉಡ್ಯಾಗ ಇಡ್ತಾಳ. ಒಳಗಿಂದು ಯಾರ ಕೈದು ಅಂತ ಯಾರಿಗೆ ಗೊತ್ತಾಗಬೇಕು?”

“ಗೊತ್ತಾದ್ರ?” ಎಂದೆ.

“ಗೊತ್ತಾಗಬಾರದಂತ್ಲೇ ಬಿಗಿಯೋದು.”

ಅಣ್ಣ ಕುಣಿದಾಡಿದ. ಇದು ಪೇಟೆಯ ಹೊಸ ಪದ್ಧತಿ, ಮುಂಬಯಿಯಲ್ಲಿ ಎಲ್ಲ ಹೀಗೇ ಎಂದು ಬೀಗರಿಗೆ ತಾನೇ ಹೇಳುವುದಾಗಿ ಒಪ್ಪಿಕೊಂಡ. ನನಗೆ ಅತ್ತೆಯ ಭಯ. ಅವರು ಬೈಯುವವರಲ್ಲ, ಸುಮ್ಮನೆ ನೋಡುವವರು, ಬೈಗುಳವಾದರೂ ವಾಸಿ. ಆದರೆ ಅವ್ವನ ಕೈಯ ಅಕ್ಕಿ ನನ್ನ ಸೆರಗಿಗೆ ಬೀಳಬೇಕೆಂಬ ಆಸೆ ಆ ಭಯಕ್ಕಿಂತ ದೊಡ್ಡದಿತ್ತು. ಹಾಗಾಗಿ ನಾನೂ ಹೂಂ ಎಂದೆ.

ಅವ್ವ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೂತಳು. ಅಂಗಡಿಯ ಸಣ್ಣಕ್ಕಿ, ಮಲ್ಲಿಗೆಯಷ್ಟು ಬಿಳುಪು. ಎರಡೂ ಕೈ ಜೋಡಿಸಿ ಬೊಗಸೆಯಲ್ಲಿ ಅಕ್ಕಿ ತೆಗೆದಳು. ಪ್ರತಿ ಸಲವೂ ಅದನ್ನು ಕೊಳವೆಯೊಳಗೆ ಬಿಡುವ ಮೊದಲು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಬಾಯಲ್ಲಿ ಏನೋ ಅಂದುಕೊಳ್ಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಕೊಬ್ಬರಿ, ಉತ್ತತ್ತಿ, ಅರಿಸಿನ, ಅಡಿಕೆ ಎಲ್ಲ ಸೇರಿಸಿ ಬ್ಲೇಡಿನಿಂದ ತುದಿ ಮುಚ್ಚಿದಳು. ಸೂಜಿಯ ತೂತು ಮಾಡಿ ಕೆಂಡಕ್ಕೆ ಹಿಡಿದಳು. ಹಾಳೆ ಅಕ್ಕಿಯನ್ನು ಅಪ್ಪಿಕೊಂಡು ಗಟ್ಟಿಯಾಯಿತು. ಬಿಸಿ ಆರುವ ಮೊದಲೇ ಅದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, “ತೂಕ ನೋಡು, ನಿನ್ನ ಕೂಸಿನಂಗ ಐತಿ” ಎಂದು ನಕ್ಕಳು. ಅಪ್ಪ ಸತ್ತ ಮೇಲೆ ಅವ್ವ ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

ಬೀಗರು ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬಂದಿಳಿದರು. ಊಟ ಮುಗಿಯಿತು. ಮಣೆ ಹಾಕಿದರು. ಅತ್ತೆ ಕೂಸನ್ನು ಎತ್ತಿಕೊಂಡು ನನ್ನ ಎದುರಿಗೇ ಕೂತರು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು, ಸೀರೆಯ ಅಂಚು ನನಗೆ ಕಾಣುತ್ತಿತ್ತು. ಎದುರುಮನೆಯ ಚಿಗವ್ವ ನನಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಸೆರಗಿಗೆ ಹಾಕಿದಳು. ಅಕ್ಕಿ ಸರಸರ ಎಂದು ಬೀಳಬೇಕಾದ ಕಡೆ ಧೊಪ್ ಎಂದಿತು. ಬಂದಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು.

“ಇದೇನೇ ಮಾರಾಯ್ತಿ, ಮಡಿಲಿಗೆ ಅಂಗಡಿ ಪೊಟ್ಟಣ?” ಎಂದರು ಅತ್ತೆ.

ಅಣ್ಣ ಬಾಯಿಪಾಠ ಒಪ್ಪಿಸಿದ: “ಹೊಸಾ ಪದ್ಧತಿರೀ ಅಮ್ಮಾರ. ಧೂಳಿಲ್ಲ, ಹುಳ ಇಲ್ಲ, ಬಸ್ಸಿನ್ಯಾಗ ಚೆಲ್ಲೂದಿಲ್ಲ.”

ಅತ್ತೆ ಪೊಟ್ಟಣವನ್ನು ಬೆರಳಿನಿಂದ ತಟ್ಟಿ ನೋಡಿದರು. “ಚೆಂದ ಐತಪ್ಪ. ಪೇಟೆಯವರು, ಏನ್ ಬೇಕಾರೂ ಮಾಡ್ತೀರಿ” ಎಂದು ಸಮಾಧಾನವಾಗಿಯೇ ಹೇಳಿದರು. ನನಗೆ ಹೋದ ಉಸಿರು ಬಂತು. ಅಷ್ಟರಲ್ಲಿ ಅವರೇ, “ಸರಿ, ಬಿಚ್ಚೇ. ಒಂದು ಹಿಡಿ ತವರಿಗೆ ಹಾಕು, ಹೊತ್ತಾಗ್ತೈತೆ” ಎಂದರು.

ಅದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಉಡಿ ತುಂಬಿಸಿಕೊಂಡವಳು ಏಳುವ ಮೊದಲು ಅದರಿಂದಲೇ ಒಂದು ಹಿಡಿ ಅಕ್ಕಿ ತೆಗೆದು ತುಂಬಿದವರ ಮೊರಕ್ಕೆ ವಾಪಸು ಹಾಕಬೇಕು. ತವರು ಬರಿದಾಗಬಾರದು ಎಂದು. ಹುಟ್ಟಿದಾಗಿನಿಂದ ಕಂಡ ಶಾಸ್ತ್ರ, ಪ್ರತಿ ಹೆಣ್ಣಿನ ಕೈಯೂ ತಾನಾಗಿಯೇ ಮಾಡುವ ಕೆಲಸ. ಯಾರ ಕೈಯೂ ಒಳಗೆ ಹೋಗದಂತೆ ಬಿಗಿಯುವ ಸಂಭ್ರಮದಲ್ಲಿ ನನ್ನ ಕೈ ಒಳಗೆ ಹೋಗಬೇಕೆಂಬುದನ್ನೇ ಮರೆತಿದ್ದೆವು.

ಉಗುರಿನಿಂದ ಗೀರಿದೆ. ಬಿಗಿದ ಹಾಳೆಗೆ ಉಗುರು ಜಾರುತ್ತದೆ, ಹಿಡಿಯಲು ಒಂದು ಸುಕ್ಕೂ ಸಿಗುವುದಿಲ್ಲ. ಇನ್ನೊಂದು ತುದಿಯಲ್ಲಿ ಎಳೆದೆ. ಸೀರೆ ಸೊಂಟದಲ್ಲಿ ಸಡಿಲಾಯಿತು. ಅತ್ತೆಯ ತೋಳಿನಲ್ಲಿದ್ದ ಕೂಸು ಅಳಲು ಶುರುಮಾಡಿತು, ಆ ಅಳುವಿಗೆ ನನ್ನ ಎದೆಹಾಲು ಸೋರಿ ಕುಪ್ಪಸ ಒದ್ದೆಯಾಯಿತು. ಹೆಂಗಸರು ಈಗ ಮುಚ್ಚುಮರೆಯಿಲ್ಲದೆ ನಗುತ್ತಿದ್ದರು. “ಹಲ್ಲು ಹಾಕೇ” ಎಂದಳು ಒಬ್ಬಳು. ಹಾಕಿದೆ. ಹೂ ಮುಡಿದು ಮಣೆಯ ಮೇಲೆ ಕೂತವಳು ಉಡಿಯ ಅಕ್ಕಿಗೆ ಹಲ್ಲು ಹಾಕಿ ಎಳೆಯುತ್ತಿದ್ದೆ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆವತ್ತು ತಿಳಿಯಿತು. ಅಣ್ಣ ಓಡಿಹೋಗಿ ಬ್ಲೇಡು ತಂದ.

“ಮಡಿಲಿಗೆ ಕಬ್ಬಿಣ ಆಡಿಸ್ತಾರೇನೋ? ಕರುಳು ಕೊಯ್ದಂಗೆ” ಎಂದು ಅತ್ತೆ ಗದರಿದರು. ಅವನು ಬ್ಲೇಡು ಹಿಡಿದುಕೊಂಡೇ ನಿಂತ.

ಆಗ ಅವ್ವ ಹೊರಗೆ ಬಂದಳು. ನನ್ನ ಒದ್ದಾಟ ನೋಡಲಾರದೆ ಬಂದಳೋ, ತಾನು ಬಿಗಿದದ್ದು ಬೇರೆಯವರಿಗೆ ಬಿಚ್ಚಲಾಗದೆಂದು ಕೈ ತಾನಾಗಿ ಬಂತೋ. ಕುಪ್ಪಸಕ್ಕೆ ಸಿಕ್ಕಿಸಿದ್ದ ಹಿತ್ತಾಳೆ ಪಿನ್ನು ತೆಗೆದು, ಯಾರ ಕಣ್ಣಿಗೂ ಕಾಣದ ಆ ಸೂಜಿಯ ತೂತನ್ನು ಹುಡುಕದೆಯೇ ಹುಡುಕಿ, ಅದಕ್ಕೆ ತುದಿ ಸಿಕ್ಕಿಸಿ ಎಳೆದಳು. ಅಷ್ಟೊತ್ತು ಜಗ್ಗದಿದ್ದ ಹಾಳೆ ಒಂದು ಕಡೆ ಹರಿದದ್ದೇ ತಡ ಉದ್ದಕ್ಕೂ ಸೀಳಿಕೊಂಡಿತು. ಅವ್ವನ ಎರಡು ಅಂಗೈಗಳ ನಡುವಿನಿಂದ ಅಕ್ಕಿ ಸರಸರ ಎಂದು ನನ್ನ ಸೆರಗಿಗೆ ಸುರಿಯಿತು. ಎಲ್ಲರ ಎದುರಿಗೆ ನನ್ನ ಅವ್ವ ನನ್ನ ಉಡಿ ತುಂಬಿದ್ದು ಹೀಗೆ.

ನಗು ನಿಂತುಹೋಯಿತು. ಚಿಗವ್ವ ಕೆಟ್ಟವಳಲ್ಲ, ಬಾಯಿಗೆ ಬೀಗವಿಲ್ಲದವಳು, ಅಷ್ಟೇ. “ಅಯ್ಯ ಶಿವನ, ತುಂಬಿದಾಕಿಗೇ ಬಿಚ್ಚಾಕ ಬಂತು ನೋಡ್ರಿ” ಎಂದುಬಿಟ್ಟಳು.

ಅವ್ವ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು. ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು, ಅವು ತನ್ನವಲ್ಲ ಎಂಬಂತೆ. ಅವಳ ಮುಖ ನೋಡಲು ನನಗಾಗಲಿಲ್ಲ. ಕೈಗಳನ್ನು ಮಾತ್ರ ನೋಡಿದೆ, ಆಮೇಲೆ ಅವೂ ಕಾಣಲಿಲ್ಲ.

ಅತ್ತೆ ಕೂಗಾಡಲಿಲ್ಲ. ಎದುರುಮನೆಯವಳ ಕಡೆ ತಿರುಗಿ, “ನಿಮ್ಮನೆಯಿಂದ ಅಕ್ಕಿ ತನ್ನಿ. ಇನ್ನೊಂದು ಸಲ ತುಂಬಿ” ಎಂದರು. ಚಿಗವ್ವ ತನ್ನ ಗದ್ದೆಯ ಕೆಂಪಕ್ಕಿ ತಂದಳು. ನನ್ನ ಸೆರಗಿನಲ್ಲಿದ್ದ ಬಿಳಿ ಅಕ್ಕಿಯ ಮೇಲೆಯೇ ಐದು ಹಿಡಿ ಕೆಂಪಕ್ಕಿ ಬಿತ್ತು. ನಾನು ಅದರಲ್ಲಿ ಒಂದು ಹಿಡಿ ತೆಗೆದು ಅವಳ ಮೊರಕ್ಕೆ ಹಾಕಿದೆ. ತವರಿಗೆ ಹಾಕಬೇಕಾದ ಅಕ್ಕಿ ಎದುರುಮನೆಗೆ ಹೋಯಿತು. ಅವ್ವ ಬಸ್ ಸ್ಟ್ಯಾಂಡಿಗೆ ಬರಲಿಲ್ಲ.

ಊರು ಮುಟ್ಟಿದ ಮಾರನೆಯ ಬೆಳಿಗ್ಗೆ ಅತ್ತೆ ಸೆರಗಿನ ಗಂಟು ಬಿಚ್ಚಿಸಿ ಅಕ್ಕಿಯನ್ನು ಮೊರಕ್ಕೆ ಸುರಿಸಿಕೊಂಡರು. ಉಡಿಯಕ್ಕಿಯನ್ನು ಸಿಹಿ ಹುಗ್ಗಿ ಮಾಡಿ ಮನೆಯವರೆಲ್ಲ ಉಣ್ಣುವುದು ವಾಡಿಕೆ. ಮೊರವನ್ನು ನನ್ನ ಮುಂದೆ ಸರಿಸಿ, “ಬಿಳೀದು ಬ್ಯಾರೆ ಮಾಡು” ಎಂದರು. “ಕೆಂಪಕ್ಕಿ ಹುಗ್ಗಿಗೆ. ಬಿಳೀದು ಕಲಗಚ್ಚಿಗೆ ಹಾಕು, ದನ ಕುಡೀತಾವೆ.”

ನಾನು ಆರಿಸಿದೆ. ಅವ್ವ ಬೊಗಸೆಯಲ್ಲಿ ಹಿಡಿದುಕೊಂಡು ಏನೋ ಅಂದುಕೊಂಡಿದ್ದ ಅಕ್ಕಿಯನ್ನು ಒಂದೊಂದೇ ಕಾಳು ಹೆಕ್ಕಿ ಬೇರೆ ಮಾಡಿದೆ. ಹಾದುಹೋಗುವವರು ‘ಏನು ಆರಿಸ್ತಿದೀಯೇ’ ಎಂದರೆ ‘ಕಲ್ಲು’ ಎಂದೆ. ಅತ್ತೆಯೂ ಕಣ್ಣು ಕಿರಿದು ಮಾಡಿಕೊಂಡು ಪಕ್ಕದಲ್ಲಿ ಕೂತು ಆರಿಸಿದರು. ಆದರೂ ಹುಗ್ಗಿಯಲ್ಲಿ ಅಲ್ಲಲ್ಲಿ ಬಿಳಿ ಕಾಳು ಕಂಡವು. ಮಾವನವರು ಎರಡನೇ ಸಲ ಹಾಕಿಸಿಕೊಂಡು ಉಂಡರು. ಯಾರಿಗೂ ಏನೂ ಆಗಲಿಲ್ಲ, ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ.

ಆಮೇಲೆ ತವರಿಗೆ ಹೋದಾಗಲೆಲ್ಲ ಅವ್ವ ಬಾಟಲಿ ಬಿಗಿಯುತ್ತಲೇ ಇದ್ದಳು. ಉಡಿಯ ಮಾತನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಹಿತ್ತಲಲ್ಲಿ ಕೆಲಸ ಬೀಳುತ್ತಿತ್ತು.

ಮೂರನೆಯ ವರ್ಷ ಬೇಸಿಗೆಯಲ್ಲಿ ಮಾವನವರು ಸೊಪ್ಪು ತರಲು ಕಾಡಿಗೆ ಹೋಗಿ ಬಂದವರು ಜ್ವರವೆಂದು ಮಲಗಿದರು. ಮಂಗನಕಾಯಿಲೆ. ನಮ್ಮ ಸೊರಬದ ಕಾಡಿನವರಿಗೆ ಅದು ಹೊಸದಲ್ಲ, ಮಂಗ ಸತ್ತ ಸುದ್ದಿ ಬಂದರೆ ಸಾಕು ಎದೆ ನಡುಗುತ್ತಿತ್ತು. ಅವರು ಏಳಲಿಲ್ಲ. ಅಂದು ಉಂಡ ಬಿಳಿ ಅಕ್ಕಿಯ ಮಾತನ್ನು ಯಾರಾದರೂ ಎತ್ತುತ್ತಾರೆಂದು ನಾನು ದಿನಗಟ್ಟಲೆ ತಲೆ ತಗ್ಗಿಸಿಕೊಂಡು ಕಾದೆ. ಯಾರೂ ಎತ್ತಲಿಲ್ಲ. ಅತ್ತೆ ಬರಿಗೈ, ಬರಿಹಣೆ ಮಾಡಿಕೊಂಡು ಅಡುಗೆಮನೆಯ ಮೂಲೆ ಹಿಡಿದರು.

ಮರುವರ್ಷ ನನ್ನ ನಾದಿನಿ ಚೊಚ್ಚಲ ಬಾಣಂತನಕ್ಕೆ ಬಂದಳು. ಅತ್ತೆಗೆ ಒಬ್ಬಳೇ ಮಗಳು. ಅವಳು ಗಂಡನ ಮನೆಗೆ ಹೊರಡುವ ದಿನ ಹತ್ತಿರ ಬಂದಾಗ ಅತ್ತೆ ನಾನು ರೊಟ್ಟಿ ತಟ್ಟುವ ಕಡೆ ಬಂದು ಕೂತರು. ಒಲೆಯ ಬೂದಿ ಕೆದಕಿದರು. ಸೌದೆ ಮುಂದೆ ಸರಿಸಿದರು, ಮತ್ತೆ ಹಿಂದೆ ಎಳೆದರು.

“ಅಲ್ಲೇನೇ,” ಎಂದರು ಕೊನೆಗೆ, “ನಿಮ್ಮಣ್ಣನ ಅಂಗಡೀಲಿ ಆ ಪ್ಲಾಸ್ಟಿಕ್ಕು... ಇನ್ನೂ ಐತಾ?”

ರೊಟ್ಟಿ ಹಂಚಿನ ಮೇಲೆ ಹತ್ತಿಕೊಂಡಿತು. ಅವರನ್ನು ಕುಟುಕಲು ನನ್ನ ಹತ್ತಿರ ಮಾತುಗಳಿದ್ದವು, ವರ್ಷಗಟ್ಟಲೆ ಮಸೆದಿಟ್ಟ ಮಾತುಗಳು. ಗೆದ್ದೆ ಅನ್ನಿಸಬೇಕಿತ್ತು, ನಾಚಿಕೆಯಾಯಿತು. ಅವರ ಪರವಾಗಿಯೂ, ನನ್ನ ಹಣೆಯ ಕುಂಕುಮದ ಪರವಾಗಿಯೂ. “ಐತ್ರೀ ಅತ್ತೆ, ತರ್ತೀನಿ” ಎಂದೆ.

ಶಿಕಾರಿಪುರದಲ್ಲಿ ಅವ್ವ ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಒಂದು ತುಂಡು ಕೊಳವೆ ಕತ್ತರಿಸಿ, ಜೊತೆಗೆ ಹೊಲಿಗೆಯ ಗಟ್ಟಿ ನೂಲು ಕೊಟ್ಟಳು.

“ಅಕ್ಕಿ ಆಕೀ ಕೈಲೇ ಹಾಕಿಸು. ಬಿಗಿಯೂದು ನೀ ಮಾಡು. ಹಾಳೆ ಮುಚ್ಚೋ ಮೊದಲು ಒಳಗ ಈ ನೂಲು ಇಡು, ಒಂದು ತುದಿ ಹೊರಗ ಬಿಡು. ಜಗ್ಗಿದ್ರ ಉದ್ದಕ ಬಿಚ್ಚಿಕೊಂತೈತಿ. ಯಾರೂ ಹಲ್ಲು ಹಾಕೋದು ಬ್ಯಾಡ” ಎಂದಳು.

ಇದನ್ನು ಯಾವಾಗ ಕಂಡುಹಿಡಿದಳೋ. ಜೇನುತುಪ್ಪದ ಬಾಟಲಿಗೆ ನೂಲು ಬೇಕಾಗಿರಲಿಲ್ಲ. ಮತ್ತೆ ಯಾರ ಉಡಿಯನ್ನೂ ಅವಳು ಬಿಗಿದಿರಲಿಲ್ಲ. ಸುಮ್ಮನೆ ಒಬ್ಬಳೇ ಕೂತು ಅದನ್ನೇ ಯೋಚಿಸಿರಬೇಕು.

ಸೊರಬದ ಮನೆಯಲ್ಲಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತೆಯೂ ಬೊಗಸೆ ಜೋಡಿಸಿ ಅಕ್ಕಿ ತೆಗೆದರು. ಅವರೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ನಾನು ನೂಲು ಇಟ್ಟೆ, ತುದಿ ಮುಚ್ಚಿದೆ, ತೂತು ಮಾಡಿದೆ, ಕೆಂಡಕ್ಕೆ ಹಿಡಿದೆ. ಹಾಳೆ ಬಿಗಿಯುವುದನ್ನು ಅವರು ಬಗ್ಗಿ ನೋಡಿದರು.

ಮಾರನೆಯ ದಿನ ನಾದಿನಿಯ ಗಂಡನ ಮನೆಯ ಬೀಗರು ಬಂದರು. ಮನೆಯ ಮುತ್ತೈದೆ ಎಂದು ಪೊಟ್ಟಣ ಎತ್ತಿ ಅವಳ ಮಡಿಲಿಗೆ ಇಟ್ಟವಳು ನಾನೇ. ಬೀಗಿತ್ತಿಯರು ಹಾಳೆಯ ಹೊಳಪು ನೋಡಿ ಬೆರಗಾದರು. ನಾದಿನಿ ನೂಲು ಜಗ್ಗಿದಳು, ಸರ್ ಎಂದು ಬಿಚ್ಚಿಕೊಂಡು ಅಕ್ಕಿ ಸೆರಗಿಗೆ ಹರಡಿತು. ಎಲ್ಲ ಚೆನ್ನಾಗಿಯೇ ಆಯಿತು. ಅವಳು ಒಂದು ಹಿಡಿ ತೆಗೆದಳು. ನಾನು ಮೊರ ಮುಂದೆ ಹಿಡಿದೆ. ಅವಳು ನನ್ನನ್ನು ದಾಟಿ, ಎದ್ದು, ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋದಳು.

“ಅವ್ವಾ, ಹಿಡಿ” ಎಂದಳು.

ಬಾಗಿಲ ಹಿಂದೆ ನಿಂತಿದ್ದ ಅತ್ತೆ ಕೈ ಚಾಚಿದರು. ಚಾಚಿದವರು ಕೂತಿದ್ದ ಬೀಗಿತ್ತಿಯರನ್ನು ನೋಡಿದರು. ಆಮೇಲೆ ಎರಡೂ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡರು. ನಮ್ಮವ್ವ ಮಾಡಿದ ಹಾಗೆಯೇ. ನಾದಿನಿ ಆಗಲೇ ಮುಷ್ಟಿ ಸಡಿಲಿಸಿದ್ದಳು. ಅಕ್ಕಿ ಹೊಸ್ತಿಲ ಮೇಲೆ, ಅತ್ತಿತ್ತ ಚೆಲ್ಲಾಪಿಲ್ಲಿಯಾಯಿತು.

ನಾನು ಮೊರ ತಂದು ಹೊಸ್ತಿಲ ಹತ್ತಿರ ಕೂತು ಒಂದೊಂದೇ ಕಾಳು ಹೆಕ್ಕಿದೆ. ಆ ಮನೆಯಲ್ಲಿ ಅಕ್ಕಿ ಆರಿಸುವುದು ನನಗೇನೂ ಹೊಸದಾಗಿರಲಿಲ್ಲ.